ಓದುಗರ ಪ್ರಶ್ನೆ: ಪ್ರಶಸ್ತಿ ಸ್ವೀಕರಿಸಿದ ಮೇಲೆ ಏನು ಮಾತನಾಡಬೇಕು?

ಮಳೆಗಾಲ ಮುಗಿದು ಯಕ್ಷಗಾನ ಮೇಳಗಳು ಊರೂರಿನ ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಕರಾವಳಿಯಲ್ಲಿ ಸನ್ಮಾನ ಮತ್ತು ಪ್ರಶಸ್ತಿ ಪ್ರದಾನಗಳ ಕಾಲವೂ ಆರಂಭವಾಗುತ್ತದೆ. ಈ ಬಾರಿ ಬಂದ ಪತ್ರಗಳಲ್ಲಿ ಹಲವು, ಪ್ರಶಸ್ತಿ ಪಡೆದವರು ವೇದಿಕೆಯಲ್ಲಿ ಆಡಬೇಕಾದ ಮಾತಿನ ಕುರಿತಾಗಿಯೇ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಅಪ್ಪಯ್ಯ ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಮದ್ದಳೆವಾದಕರು. ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಮೇಳಗಳಲ್ಲಿ ದುಡಿದಿದ್ದಾರೆ. ಉಡುಪಿಯ ಸಂಸ್ಥೆಯೊಂದು ಈ ವರ್ಷ ಅವರಿಗೆ ಪ್ರಶಸ್ತಿ ನೀಡುತ್ತಿದ್ದು, ಸ್ವೀಕರಿಸಿದ ಬಳಿಕ ಐದು ನಿಮಿಷ ಮಾತನಾಡಬೇಕೆಂದು ಆಯೋಜಕರು ತಿಳಿಸಿದ್ದಾರೆ. ಜೀವಮಾನವಿಡೀ ರಂಗಸ್ಥಳದಲ್ಲಿ ಕುಳಿತು ನುಡಿಸಿದವರು ಅವರು. ಮೈಕಿನ ಮುಂದೆ ನಿಂತು ಮಾತನಾಡಿದ ಅಭ್ಯಾಸವಿಲ್ಲ. ನಾನು ಒಂದು ಭಾಷಣ ಬರೆದುಕೊಟ್ಟೆ. ಓದಿ ನೋಡಿ, ಬರಹ ಲಾಯ್ಕಿದೆ, ಆದರೆ ಇದು ತನ್ನ ಮಾತಲ್ಲ ಎಂದು ಬದಿಗಿಟ್ಟರು. ಏನು ಮಾಡಲಿ? (ಕೋಟದ ಓದುಗರೊಬ್ಬರು)

ಉತ್ತರ: ನಿಮ್ಮ ತಂದೆಯವರು ಆ ಹಾಳೆಯನ್ನು ಬದಿಗಿಟ್ಟದ್ದು ಸರಿ, ಮತ್ತು ನಿಮ್ಮ ಪ್ರಶ್ನೆಗೆ ಉತ್ತರ ಇರುವುದೂ ಅವರ ಆ ಮಾತಿನಲ್ಲಿಯೇ. ಪ್ರಶಸ್ತಿ ಪಡೆದವರ ಸರದಿ ಬರುವ ಹೊತ್ತಿಗೆ ಸಭೆಯಲ್ಲಿ ಏನೇನು ನಡೆದುಹೋಗಿರುತ್ತದೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ ಮುಗಿದಿರುತ್ತವೆ. ಅಭಿನಂದನಾ ಭಾಷಣ ಮಾಡಿದವರು ಅವರ ಹುಟ್ಟೂರು, ಗುರುಗಳು, ದುಡಿದ ಮೇಳಗಳು, ಒಡನಾಡಿದ ಭಾಗವತರು (ಯಕ್ಷಗಾನದ ಪದ್ಯ ಹಾಡುವವರು) ಎಲ್ಲವನ್ನೂ ಹೇಳಿರುತ್ತಾರೆ. ಸನ್ಮಾನಪತ್ರ ವಾಚಿಸಿದವರು ಅದನ್ನೇ ಇನ್ನೊಮ್ಮೆ ಓದಿರುತ್ತಾರೆ. ಸಾಧನೆಯ ವಿವರವನ್ನು ಎರಡು ಬಾರಿ ಕೇಳಿಸಿಕೊಂಡ ಸಭೆಗೆ ಮೂರನೆಯ ಬಾರಿ ಅದು ಬೇಕಾಗಿರುವುದಿಲ್ಲ. ಅಲ್ಲಿಯವರೆಗೆ ಯಾರೂ ಹೇಳದ, ಅವರ ಹೊರತು ಬೇರೆ ಯಾರಿಂದಲೂ ಹೇಳಲಾಗದ ಒಂದು ಸಂಗತಿಯನ್ನು ಅವರ ಬಾಯಿಂದಲೇ ಕೇಳಬೇಕೆಂದು ಜನ ಕುಳಿತಿರುತ್ತಾರೆ. ಆ ಸಂಗತಿ ಯಾವುದೆಂದು ಕಂಡುಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಅದನ್ನು ಕಂಡುಕೊಳ್ಳಲು ನೀವು ನೆರವಾಗಬಹುದು. ಬರೆದುಕೊಡುವುದನ್ನು ಬಿಟ್ಟು, ಒಂದು ಸಂಜೆ ಅವರ ಎದುರು ಕುಳಿತು, ಮೊಬೈಲಿನಲ್ಲಿ ಧ್ವನಿಮುದ್ರಣಕ್ಕೆ ಇಟ್ಟು, ಮಾತಿಗೆಳೆಯಿರಿ. ನಿಮ್ಮ ಸಾಧನೆ ಏನೆಂದು ಕೇಳಿದರೆ ಸಂಕೋಚದಿಂದ ಸುಮ್ಮನಾಗುತ್ತಾರೆ. ಮದ್ದಳೆಗೆ ಮೊದಲು ಕೈ ಹಚ್ಚಿಸಿದವರು ಯಾರು, ಅವರು ಕಲಿಸಿದ್ದರಲ್ಲಿ ಇಂದಿಗೂ ಕೈಯಲ್ಲಿ ಉಳಿದಿರುವುದು ಯಾವುದು, ಅಕಾಲದಲ್ಲಿ ಮಳೆ ಬಂದು ಮದ್ದಳೆಯ ಚರ್ಮದ ಮುಚ್ಚಿಗೆ ಸಡಿಲಗೊಂಡ ರಾತ್ರಿ ಭಾಗವತರ ಶ್ರುತಿಗೆ ಮದ್ದಳೆಯನ್ನು ಹೇಗೆ ಕೂಡಿಸಿಕೊಂಡರು, ತಿರುಗಾಟದ ಆರು ತಿಂಗಳು ಮನೆಯನ್ನು ಯಾರು ನಡೆಸಿದರು ಎಂದು ಕೇಳಿ. ಇಂಥ ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿ ಹೆಸರು, ಊರು, ಹೊತ್ತು, ಆಡಿದ ಮಾತು ಎಲ್ಲವೂ ತಾವಾಗಿಯೇ ಇರುತ್ತವೆ. ಹೇಳುತ್ತಾ ಹೇಳುತ್ತಾ ಅವರ ದನಿ ಎಲ್ಲಿ ಬದಲಾಯಿತು ಎಂಬುದನ್ನು ಗಮನಿಸಿ. ಭಾಷಣದ ನಡುವಿನಲ್ಲಿ ಇರಬೇಕಾದ ಸಂಗತಿ ಅದೇ. ಬಳಿಕ ಅವರು ಆಡಿದ ಮಾತುಗಳನ್ನೇ, ಅವರ ಕುಂದಾಪ್ರ ಕನ್ನಡವನ್ನು ಗ್ರಾಂಥಿಕಗೊಳಿಸದೆ, ಕಾಗದಕ್ಕೆ ಇಳಿಸಿ ಅವರ ಕೈಗೆ ಕೊಡಿ. ವಿದ್ವಾಂಸರು ತುಂಬಿದ ಸಭೆಯಲ್ಲಿ ಮನೆಮಾತು ಆಡಿದರೆ ಕಡಿಮೆಯಾದೀತು ಎಂಬ ಅಳುಕು ನಮ್ಮ ಹಿರಿಯ ಕಲಾವಿದರಲ್ಲಿ ಅನೇಕರಿಗಿದೆ. ಆ ಅಳುಕನ್ನು ಮನೆಯವರೇ ಹೋಗಲಾಡಿಸಬೇಕು.

ಉಳಿದದ್ದನ್ನು ಅದರ ಹಿಂದುಮುಂದು ಜೋಡಿಸುವುದು ಕಷ್ಟವಿಲ್ಲ. ವೇದಿಕೆಯಲ್ಲಿರುವವರ ಹೆಸರುಗಳನ್ನು ಸ್ವಾಗತಿಸಿದವರು, ನಿರೂಪಕರು, ಅಭಿನಂದಿಸಿದವರು ಆಗಲೇ ಹೇಳಿರುವುದರಿಂದ, ವೇದಿಕೆಯ ಹಿರಿಯರಿಗೂ ಸಭೆಯ ಕಲಾಭಿಮಾನಿಗಳಿಗೂ ಒಟ್ಟಾಗಿ ನಮಸ್ಕಾರ ಹೇಳಿದರೆ ಸಾಕು. ಆದರೆ ಒಂದು ಹೆಸರನ್ನು ಮಾತ್ರ ಬಿಡಬಾರದು. ನಮ್ಮ ಭಾಗದ ಎಷ್ಟೋ ಪ್ರಶಸ್ತಿಗಳು ಯಾರಾದರೊಬ್ಬ ಹಿರಿಯರ ಸ್ಮರಣೆಯಲ್ಲಿ, ಅವರ ಮನೆಯವರೋ ಶಿಷ್ಯರೋ ಇಟ್ಟ ದತ್ತಿನಿಧಿಯಿಂದ ನಡೆಯುವಂಥವು. ಆ ಹಿರಿಯರ ಮಗಳೋ ಮೊಮ್ಮಗನೋ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಪ್ರಶಸ್ತಿ ಪಡೆದವರು ಪ್ರಶಸ್ತಿಯ ಹೆಸರಿನಲ್ಲಿರುವ ವ್ಯಕ್ತಿಯ ಬಗ್ಗೆ ಒಂದು ಮಾತೂ ಆಡದೆ ಇಳಿದು ಬಂದಾಗ ಆ ಮನೆಯವರ ಮುಖ ಸಣ್ಣದಾಗುವುದನ್ನು ಕಂಡು ನನಗೆ ಬೇಸರವಾಗಿದೆ. ನಿಮ್ಮ ತಂದೆಯವರು ಆ ಹಿರಿಯರನ್ನು ಕಂಡಿದ್ದರೆ, ಅವರೊಂದಿಗೆ ಒಂದು ಯಕ್ಷಗಾನದ ಆಟದಲ್ಲಾದರೂ ಕುಳಿತಿದ್ದರೆ, ಅದನ್ನು ಎರಡು ವಾಕ್ಯಗಳಲ್ಲಿ ಹೇಳಲಿ. ಕಂಡಿರದಿದ್ದರೆ ಮೊದಲೇ ಬಲ್ಲವರಲ್ಲಿ ಕೇಳಿ ತಿಳಿದುಕೊಳ್ಳಲಿ.

ಕೃತಜ್ಞತೆ ಹೇಳುವಾಗ ಇಬ್ಬರು ಅಥವಾ ಮೂವರ ಹೆಸರು ಸಾಕು, ಆದರೆ ಪ್ರತಿಯೊಬ್ಬರೂ ಏನು ಮಾಡಿದರು ಎಂಬುದು ಹೆಸರಿನ ಜೊತೆಗೇ ಬರಬೇಕು. ಇಪ್ಪತ್ತು ಹೆಸರುಗಳ ಪಟ್ಟಿ ಓದಿದರೆ ಇಪ್ಪತ್ತೊಂದನೆಯವರಿಗೆ ನೋವಾಗುವುದಲ್ಲದೆ, ಪಟ್ಟಿಯಲ್ಲಿ ಇದ್ದವರಿಗೂ ತೃಪ್ತಿಯಾಗುವುದಿಲ್ಲ. ಇನ್ನೊಂದು ಮಾತು: ತಾನು ಈ ಪ್ರಶಸ್ತಿಗೆ ಅರ್ಹನಲ್ಲ ಎಂದು ಹೇಳುವುದು ಬೇಡ. ವಿನಯದಿಂದ ಹೊರಟ ಮಾತಾದರೂ ಅದು ಆಯ್ಕೆ ಸಮಿತಿಯವರ ತೀರ್ಮಾನವನ್ನೇ ಪ್ರಶ್ನಿಸಿದಂತಾಗುತ್ತದೆ, ಮತ್ತು ಸಭೆ ಅದನ್ನು ನಂಬುವುದೂ ಇಲ್ಲ. ಗೌರವವನ್ನು ತಾನೊಬ್ಬನೇ ಇಟ್ಟುಕೊಳ್ಳಲು ಮನಸ್ಸು ಒಪ್ಪದಿದ್ದರೆ ಅದರಲ್ಲಿ ಯಾರಿಗೆ ಪಾಲಿದೆ ಎಂದು ಹೇಳಲಿ.

ಈ ಎಲ್ಲವೂ ಸೇರಿದಾಗ ಮಾತು ಹೇಗಿದ್ದೀತು ಎಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ. ಇದರಲ್ಲಿರುವ ಸಂಗತಿಗಳು ಕಲ್ಪಿತ. ನಿಮ್ಮ ತಂದೆಯವರು ಹೇಳಿದ ಸಂಗತಿಗಳೂ ನಿಜವಾದ ಹೆಸರುಗಳೂ ಇವುಗಳ ಜಾಗದಲ್ಲಿ ಬರಬೇಕು.

"ಎಲ್ಲರಿಗೂ ನಮಸ್ಕಾರ. ಯಾರ ಹೆಸರಿನಲ್ಲಿ ಈ ಪ್ರಶಸ್ತಿ ಇದೆಯೋ ಆ ಭಾಗವತರ ಪದ್ಯಕ್ಕೆ ನಾನು ಕೆಲವು ರಾತ್ರಿ ಮದ್ದಳೆ ನುಡಿಸಿದ್ದೇನೆ. ಪದ್ಯದ ನಡುವೆ ಅವರು ಒಮ್ಮೆ ನಮ್ಮ ಕಡೆ ತಿರುಗಿ ನೋಡಿದರೆ, ಆ ದಿನದ ಸಂಬಳ ಸಿಕ್ಕಿತು ಎಂದು ನಮಗೆ ಅನಿಸುತ್ತಿತ್ತು. ನನ್ನ ಗುರುಗಳು ಮೊದಲಿಗೆ ಮದ್ದಳೆ ಮುಟ್ಟಲು ಬಿಡಲಿಲ್ಲ. ತಿಂಗಳುಗಟ್ಟಲೆ ಬಾಯಿತಾಳವನ್ನೇ ಹೇಳಿಸಿದರು. ಪದ್ಯ ಕೇಳದವನ ಕೈ ಎಷ್ಟು ಓಡಿದರೂ ಉಪಯೋಗವಿಲ್ಲ ಎನ್ನುತ್ತಿದ್ದರು. ಇವತ್ತಿಗೂ ನಾನು ಮೊದಲು ಕಿವಿ ಕೊಡುತ್ತೇನೆ, ಆಮೇಲೆ ಕೈ ಇಡುತ್ತೇನೆ. ತಿರುಗಾಟದ ದಿನಗಳಲ್ಲಿ ನಾನು ಹಗಲು ಮಲಗಿ ರಾತ್ರಿ ಎದ್ದವನು. ಗದ್ದೆ ನೋಡಿಕೊಂಡದ್ದು, ಮಕ್ಕಳನ್ನು ಶಾಲೆಗೆ ಕಳುಹಿಸಿದ್ದು ನನ್ನ ಹೆಂಡತಿ. ಅವಳು ಅಲ್ಲಿ ಕುಳಿತಿದ್ದಾಳೆ. ಹಿಂದೆ ಕುಳಿತು ನುಡಿಸುವವನನ್ನು ಕರೆದು ಮುಂದೆ ನಿಲ್ಲಿಸಿದ್ದೀರಿ. ಹಿಮ್ಮೇಳದ ಎಲ್ಲರ ಪರವಾಗಿ ನಾನು ನಿಮಗೆ ಋಣಿ. ನಮಸ್ಕಾರ."

ನಿಧಾನವಾಗಿ, ಸ್ಪಷ್ಟವಾಗಿ ಆಡಿದರೆ ನಿಮಿಷಕ್ಕೆ ಸುಮಾರು ನೂರು ಪದಗಳು ಹೋಗುತ್ತವೆ ಎಂದು ಇಟ್ಟುಕೊಂಡರೆ ಈ ಮಾತಿಗೆ ಎರಡು ನಿಮಿಷವೂ ಬೇಡ. ಐದು ನಿಮಿಷ ಕೊಟ್ಟಿದ್ದಾರೆಂದು ಐದನ್ನೂ ತುಂಬಿಸಬೇಕಾಗಿಲ್ಲ. ಮೂರು ನಿಮಿಷ ಧಾರಾಳವಾಯಿತು. ಅಮೆರಿಕದ ಆಸ್ಕರ್ ಪ್ರಶಸ್ತಿ ಸಮಾರಂಭದಲ್ಲಿ ವಿಜೇತರಿಗೆ ನಿಗದಿಪಡಿಸಿರುವ ಅವಧಿ 45 ಸೆಕೆಂಡುಗಳು ಮಾತ್ರ. ಅಷ್ಟು ಬಿಗಿ ನಮಗೆ ಬೇಕಾಗಿಲ್ಲ, ಆದರೆ ನಮ್ಮಲ್ಲಿ ಸಭಾ ಕಾರ್ಯಕ್ರಮದ ಬಳಿಕ ಆಟ ಇರುವುದು ಸಾಮಾನ್ಯ. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕಲಾವಿದರು ಬಣ್ಣ ಹಚ್ಚಿಕೊಂಡು ಕಾಯುತ್ತಿರುತ್ತಾರೆ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಅರ್ಧ ಗಂಟೆಯ ಪೀಠಿಕೆಯನ್ನು ಮೈಮರೆತು ಕೇಳುವ ಇದೇ ಸಭೆ ಸನ್ಮಾನದ ಮಾತು ಹತ್ತು ನಿಮಿಷ ದಾಟಿದೊಡನೆ ಚಡಪಡಿಸುವುದೇಕೆ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ಎದುರಿನ ಅರ್ಥಧಾರಿ (ಪಾತ್ರದ ಮಾತಾಡುವವರು) ಏನು ಉತ್ತರ ಕೊಟ್ಟಾರು ಎಂಬ ಕುತೂಹಲ ಪ್ರತಿ ಮಾತಿನ ಹಿಂದೆಯೂ ಇರುತ್ತದೆ. ಇಲ್ಲಿ ಎದುರು ಮಾತನಾಡುವವರೇ ಇಲ್ಲ. ಆದ್ದರಿಂದ ಹೇಳಬೇಕಾದದ್ದು ಮುಗಿದ ಕೂಡಲೇ ನಿಲ್ಲಿಸುವ ಹೊಣೆಯೂ ಮಾತನಾಡುವವರ ಮೇಲೆಯೇ ಬೀಳುತ್ತದೆ.

ಕೊನೆಗೆ, ಯಾರೂ ಮುಂಚಿತವಾಗಿ ಹೇಳದ ಒಂದು ತೊಂದರೆ. ಶಾಲು ಹೊದಿಸಿ, ಪೇಟ ತೊಡಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿಯನ್ನೂ ಸ್ಮರಣಿಕೆಯನ್ನೂ ಕೈಗೆ ಕೊಟ್ಟ ಮೇಲೆ ಅಂಗಿಯ ಜೇಬಿನಲ್ಲಿರುವ ಕಾಗದ ಮತ್ತು ಕನ್ನಡಕ ಕೈಗೆ ಸಿಗುವುದಿಲ್ಲ. ಅವೆರಡನ್ನೂ ನೀವೇ ಇಟ್ಟುಕೊಂಡಿದ್ದು, ಅವರು ಮೈಕಿನ ಬಳಿ ಹೋಗುವಾಗ ಕೈಗೆ ಕೊಡಿ. ಹಾರವನ್ನೂ ಬುಟ್ಟಿಯನ್ನೂ ತೆಗೆದುಕೊಳ್ಳಿ. ದಪ್ಪ ಹಾಳೆಯ ಒಂದೇ ಮಗ್ಗುಲಿಗೆ ದೊಡ್ಡ ಅಕ್ಷರಗಳಲ್ಲಿ ಬರೆದಿರಲಿ, ಏಕೆಂದರೆ ವೇದಿಕೆಯ ಫ್ಯಾನಿನ ಗಾಳಿಗೆ ತೆಳು ಕಾಗದ ನಿಲ್ಲುವುದಿಲ್ಲ. ನಿಂತು ಮಾತನಾಡುವುದು ಕಷ್ಟವಾದರೆ ಕುಳಿತೇ ಮಾತನಾಡಲು ಕುರ್ಚಿಯ ಎದುರು ಮೈಕು ಇಡುವಂತೆ ಆಯೋಜಕರಿಗೆ ಮೊದಲೇ ತಿಳಿಸಿ. ಮಾತಿನ ನಡುವೆ ಕಣ್ಣು ತುಂಬಿ ಬಂದರೆ ಗಾಬರಿಯಾಗುವುದು ಬೇಡ. ನಿಂತು, ನೀರು ಕುಡಿದು, ಮುಂದುವರಿಸಲಿ. ಸಭೆ ಕಾಯುತ್ತದೆ.

ಪ್ರಶ್ನೆ: ಶಿಕ್ಷಕರ ದಿನಾಚರಣೆಯಂದು ಪ್ರಶಸ್ತಿ ಪಡೆದ ಎಲ್ಲ ಶಿಕ್ಷಕರ ಪರವಾಗಿ ನಾನೊಬ್ಬನೇ ಮಾತನಾಡಬೇಕಾಗಿದೆ. ನನ್ನ ಅನುಭವ ಹೇಳಿದರೆ ಉಳಿದವರಿಗೆ ಅನ್ಯಾಯ, ಎಲ್ಲರ ಬಗ್ಗೆ ಹೇಳಲು ಸಮಯವಿಲ್ಲ. (ಸುರತ್ಕಲ್‌ನ ಪ್ರೌಢಶಾಲಾ ಶಿಕ್ಷಕರೊಬ್ಬರು)

ಉತ್ತರ: ಸಮಾರಂಭಕ್ಕೆ ಒಂದು ವಾರ ಮೊದಲು ಪ್ರತಿಯೊಬ್ಬರಿಗೂ ದೂರವಾಣಿ ಮಾಡಿ, ನಿಮ್ಮ ಶಾಲೆಯಲ್ಲಿ ಈ ವರ್ಷ ನಿಮಗೆ ಅತ್ಯಂತ ಸಂತೋಷ ಕೊಟ್ಟ ಒಂದು ಘಟನೆ ಯಾವುದು ಎಂದು ಕೇಳಿ, ಬರೆದುಕೊಳ್ಳಿ. ಅವುಗಳಲ್ಲಿ ಪರಸ್ಪರ ತೀರ ಭಿನ್ನವಾದ ಎರಡು ಅಥವಾ ಮೂರನ್ನು ಆರಿಸಿ, ಅವರವರ ಒಪ್ಪಿಗೆ ಪಡೆದು, ಅವರ ಹೆಸರಿನೊಂದಿಗೆ ಹೇಳಿ. ಘಟ್ಟದ ತಪ್ಪಲಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಬೆರಳೆಣಿಕೆಯ ಮಕ್ಕಳನ್ನು ಉಳಿಸಿಕೊಂಡವರು, ನಗರದ ಶಾಲೆಯಲ್ಲಿ ಕನ್ನಡ ಬಾರದ ವಲಸೆ ಕಾರ್ಮಿಕರ ಮಕ್ಕಳಿಗೆ ಓದು ಕಲಿಸಿದವರು, ಆಟದ ಬಯಲೇ ಇಲ್ಲದೆಡೆ ಕಬಡ್ಡಿ ತಂಡ ಕಟ್ಟಿದವರು ಇಂಥವರು ಒಂದೇ ಸಾಲಿನಲ್ಲಿ ಇರಬಹುದು. ನಿಮ್ಮ ಅನುಭವವನ್ನು ಪೂರ್ತಿಯಾಗಿ ಬಿಟ್ಟುಬಿಡಿ. ಆಗ ಉಳಿದವರ ಮನಸ್ಸಿನಲ್ಲಿ ಲೆಕ್ಕಾಚಾರಕ್ಕೆ ಎಡೆಯೇ ಇರುವುದಿಲ್ಲ.

ಸೆಪ್ಟೆಂಬರ್ 5 ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರ ಜನ್ಮದಿನವೆಂಬುದನ್ನೂ 1962ರಿಂದ ಅದನ್ನು ಶಿಕ್ಷಕರ ದಿನವಾಗಿ ಆಚರಿಸಲಾಗುತ್ತಿದೆ ಎಂಬುದನ್ನೂ ನಿಮಗಿಂತ ಮೊದಲು ಮಾತನಾಡಿದವರೆಲ್ಲರೂ ಹೇಳಿರುತ್ತಾರೆ. ಅದಕ್ಕೆ ಸಮಯ ಕೊಡಬೇಡಿ. ವೇದಿಕೆಯಲ್ಲಿ ಶಾಸಕರೂ ಇಲಾಖೆಯ ಅಧಿಕಾರಿಗಳೂ ಇರುವುದರಿಂದ ಬೇಡಿಕೆಗಳ ಪಟ್ಟಿ ಮಂಡಿಸುವಂತೆ ಸಹೋದ್ಯೋಗಿಗಳು ಒತ್ತಾಯಿಸಬಹುದು. ಬೇಡಿಕೆಗೆ ಲಿಖಿತ ಮನವಿ ಎಂಬ ಸರಿಯಾದ ದಾರಿ ಇದೆ. ಆದರೆ ಕೆಲಸದ ಕಷ್ಟವನ್ನು ಒಂದು ಘಟನೆಯ ಮೂಲಕ ಸತ್ಯವಾಗಿ ಹೇಳುವುದು ತಪ್ಪಲ್ಲ, ಮತ್ತು ಕೇಳುವವರ ಮನಸ್ಸಿನಲ್ಲಿ ಅದು ಮನವಿಪತ್ರಕ್ಕಿಂತ ಹೆಚ್ಚು ದಿನ ಉಳಿಯುತ್ತದೆ ಎಂಬುದು ನನ್ನ ನಂಬಿಕೆ.

ಪಡೆದ ಗೌರವವನ್ನು ಹಂಚಿಕೊಳ್ಳುವ ಮಾತಿಗೆ ಕನ್ನಡದವರೇ ಕೊಟ್ಟ ಒಳ್ಳೆಯ ಉದಾಹರಣೆ ಇದೆ. 2025ರ ಮೇ 20ರಂದು ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ ಸ್ವೀಕರಿಸಿದ ಬಾನು ಮುಷ್ತಾಕ್ ಅವರು, ಆ ಕ್ಷಣವನ್ನು ಒಂದೇ ಆಕಾಶವನ್ನು ಬೆಳಗುವ ಸಾವಿರ ಮಿಂಚುಹುಳುಗಳಿಗೆ ಹೋಲಿಸಿ, ಅದು ಕ್ಷಣಿಕ, ಉಜ್ವಲ ಮತ್ತು ಸಂಪೂರ್ಣವಾಗಿ ಸಾಮೂಹಿಕವಾದುದು ಎಂದಿದ್ದರು. ಕೃತಜ್ಞತೆ, ಸಂತೋಷ, ಹಂಚಿಕೆ ಮೂರೂ ಒಂದೇ ವಾಕ್ಯದಲ್ಲಿ ಕೂಡಿಬಂದಿವೆ. ಆ ಹೋಲಿಕೆಯನ್ನು ಎರವಲು ಪಡೆಯಬೇಡಿ. ನಿಮ್ಮ ಜೊತೆಯ ಶಿಕ್ಷಕರು ಫೋನಿನಲ್ಲಿ ಹೇಳಿದ್ದರಲ್ಲಿಯೇ ನಿಮಗೆ ಬೇಕಾದ ಮಾತು ಸಿಗುತ್ತದೆ.

ಪ್ರಶ್ನೆ: ನಾನು ಕೊಂಕಣಿಯಲ್ಲಿ ಕವಿತೆ ಬರೆಯುತ್ತೇನೆ. ಮಂಗಳೂರಿನಲ್ಲಿ ನಡೆಯುವ ಪ್ರಶಸ್ತಿ ಸಮಾರಂಭಕ್ಕೆ ಬೆಂಗಳೂರಿನಿಂದ ಬರುವ ಅತಿಥಿಗಳಿಗೆ ಕೊಂಕಣಿ ಬರುವುದಿಲ್ಲ. ಯಾವ ಭಾಷೆಯಲ್ಲಿ ಮಾತನಾಡಲಿ? (ಬಿಜೈಯ ಓದುಗರೊಬ್ಬರು)

ಉತ್ತರ: ಪ್ರಶಸ್ತಿ ಬಂದಿರುವುದು ನಿಮ್ಮ ಕೊಂಕಣಿಗೆ, ಆದ್ದರಿಂದ ಮುಖ್ಯ ಮಾತು ಕೊಂಕಣಿಯಲ್ಲಿಯೇ ಇರಲಿ. 1992ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿದ, ನಮ್ಮಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆಯಲ್ಪಡುವ ಭಾಷೆಯನ್ನು ಅದರದೇ ವೇದಿಕೆಯಲ್ಲಿ ಅತಿಥಿಗಳ ಸಲುವಾಗಿ ಬದಿಗಿಡುವುದು ಸರಿಯಲ್ಲ, ಅತಿಥಿಗಳೂ ಅದನ್ನು ಬಯಸಲಾರರು. ಮೊದಲ ಅರ್ಧ ನಿಮಿಷ ಕನ್ನಡದಲ್ಲಿ ಅವರನ್ನು ಉದ್ದೇಶಿಸಿ, ನೀವು ಏನು ಹೇಳಲಿದ್ದೀರಿ ಎಂಬುದನ್ನು ಎರಡು ವಾಕ್ಯಗಳಲ್ಲಿ ತಿಳಿಸಿ, ಬಳಿಕ ಕೊಂಕಣಿಗೆ ಹೊರಳಿ. ಒಂದೊಂದು ವಾಕ್ಯವನ್ನೂ ಎರಡು ಭಾಷೆಗಳಲ್ಲಿ ಹೇಳುತ್ತಾ ಹೋದರೆ ಎರಡೂ ಕಡೆಯವರಿಗೆ ದಣಿವಾಗುತ್ತದೆ. ಕವಿತೆಯ ಸಾಲುಗಳನ್ನು ಓದುವುದಾದರೆ ನಾಲ್ಕೇ ಸಾಲು ಓದಿ, ಅದರ ಕನ್ನಡ ಭಾವಾರ್ಥವನ್ನು ಅಲ್ಲಿಯೇ ಹೇಳಿ. ಕೊನೆಯ ಕೃತಜ್ಞತೆ 'ದೇವ್ ಬರೆಂ ಕರುಂ' ಎಂದೇ ಇರಲಿ. ತುಳುವಿನಲ್ಲಿ, ಬ್ಯಾರಿಯಲ್ಲಿ ಬರೆಯುವವರಿಗೂ ಇದೇ ಉತ್ತರ.

ಪ್ರಶ್ನೆ: ನನಗೆ ಬರಲಿರುವ ಪ್ರಶಸ್ತಿಯಲ್ಲಿ ನಗದು ಮೊತ್ತವೂ ಇದೆ. ಹಿಂದೆ ಪಡೆದವರು ಅದನ್ನು ವೇದಿಕೆಯಲ್ಲಿಯೇ ಸಂಸ್ಥೆಗೆ ಹಿಂದಿರುಗಿಸಿ ಚಪ್ಪಾಳೆ ಗಿಟ್ಟಿಸಿದ್ದಾರೆ. ನನಗೆ ಮನೆಯಲ್ಲಿ ಚಿಕಿತ್ಸೆಯ ಖರ್ಚಿದೆ. ಇಟ್ಟುಕೊಂಡರೆ ಜನ ಏನೆಂದಾರು? (ಕಾಪುವಿನ ಓದುಗರೊಬ್ಬರು)

ಉತ್ತರ: ದಯವಿಟ್ಟು ಇಟ್ಟುಕೊಳ್ಳಿ. ಆ ಮೊತ್ತವನ್ನು ದತ್ತಿ ಇಟ್ಟವರು ಕಲಾವಿದನ ಕೈಗೆ ಸೇರಲಿ ಎಂದೇ ಇಟ್ಟಿರುತ್ತಾರೆ. ಉಳ್ಳವರು ಹಿಂದಿರುಗಿಸುವುದು ಅವರ ಔದಾರ್ಯ, ಅದನ್ನು ಗೌರವಿಸೋಣ. ಆದರೆ ಅದೇ ರೂಢಿಯಾಗಿ, ದುಡ್ಡಿನ ಅಗತ್ಯವಿರುವವರು ನಾಚಿಕೆಯಿಂದ ಕೈಬಿಡುವ ಸ್ಥಿತಿ ಬಂದರೆ ಪ್ರಶಸ್ತಿಯ ಉದ್ದೇಶವೇ ಸೋಲುತ್ತದೆ. ಭಾಷಣದಲ್ಲಿ ಹಣದ ಬಗ್ಗೆ ವಿವರಣೆ ಕೊಡುವ ಅಗತ್ಯವಿಲ್ಲ. ಹೇಳಲೇಬೇಕೆನಿಸಿದರೆ, ಕಷ್ಟಕಾಲದಲ್ಲಿ ಈ ಮೊತ್ತ ನನ್ನ ಮನೆಗೆ ನೆರವಾಗಲಿದೆ, ನಿಮಗೆ ಋಣಿಯಾಗಿದ್ದೇನೆ ಎಂದರೆ ಸಾಕು. ಕೊಡಲು ಬಯಸುವ ಇತರ ಓದುಗರಿಗೂ ಒಂದು ವಿನಂತಿ: ಮನೆಯವರೊಂದಿಗೆ ಮಾತನಾಡಿ, ಸಂಸ್ಥೆಯ ಕೋಶಾಧಿಕಾರಿಗೆ ಮೊದಲೇ ತಿಳಿಸಿ, ಯಾವ ಕೆಲಸಕ್ಕೆ ಎಂಬುದನ್ನು ಖಚಿತಪಡಿಸಿಕೊಂಡು ಕೊಡಿ. ವೇದಿಕೆಯ ಭರದಲ್ಲಿ ಘೋಷಿಸಿದರೆ ಮುಂದಿನ ವರ್ಷ ಪ್ರಶಸ್ತಿ ಪಡೆಯುವವರ ಮೇಲೆ ನಿಮಗೆ ಅರಿವಿಲ್ಲದೆಯೇ ಹೊರೆ ಬೀಳುತ್ತದೆ.

ಪ್ರಶ್ನೆ: ನನ್ನ ಸೋದರಮಾವನವರಿಗೆ ಉಡುಪಿಯಲ್ಲಿ ಸನ್ಮಾನವಿದೆ. ಅವರು ಅನಾರೋಗ್ಯದಿಂದ ಮುಂಬಯಿಯ ಮನೆಯಲ್ಲಿದ್ದು ಪ್ರಯಾಣ ಮಾಡುವಂತಿಲ್ಲ. ಅವರ ಪರವಾಗಿ ನಾನು ಸ್ವೀಕರಿಸಿದರೆ ಏನು ಮಾತನಾಡಬೇಕು? (ಮಣಿಪಾಲದ ಓದುಗರೊಬ್ಬರು)

ಉತ್ತರ: ಮಾತು ಅವರದೇ ಆಗಿರಲಿ, ನೀವು ಓದಿ ಹೇಳಿ. 1913ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಪಡೆದ ರವೀಂದ್ರನಾಥ ಟ್ಯಾಗೋರರು ಸ್ಟಾಕ್‌ಹೋಮಿಗೆ ಹೋಗಿರಲಿಲ್ಲ. ಡಿಸೆಂಬರ್ 10ರ ಔತಣಕೂಟದಲ್ಲಿ ಓದಲಾದ ಅವರ ತಂತಿ ಸಂದೇಶ ಒಂದೇ ವಾಕ್ಯದ್ದು: ದೂರವಿದ್ದುದನ್ನು ಹತ್ತಿರ ತಂದು, ಅಪರಿಚಿತನನ್ನು ಸೋದರನನ್ನಾಗಿಸಿದ ವಿಶಾಲ ತಿಳಿವಳಿಕೆಗಾಗಿ ಸ್ವೀಡಿಷ್ ಅಕಾಡೆಮಿಗೆ ಕೃತಜ್ಞತೆ ಎಂಬುದು ಅದರ ಸಾರ. ಹೇಳಬೇಕಾದ ಉಳಿದದ್ದನ್ನು ಅವರು 1921ರಲ್ಲಿ ಅಲ್ಲಿಗೆ ಹೋದಾಗ ಉಪನ್ಯಾಸದಲ್ಲಿ ಹೇಳಿದರು. ನಿಮ್ಮ ಮಾವನವರಿಂದ ನಾಲ್ಕೈದು ವಾಕ್ಯಗಳನ್ನು ಹೇಳಿಸಿ ಬರೆದುಕೊಳ್ಳಿ. ವೇದಿಕೆಯಲ್ಲಿ ನೀವು ಅವರಿಗೆ ಏನಾಗಬೇಕೆಂದು ತಿಳಿಸಿ, ಅವರು ಬಾರದಿರುವ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿ, ಸಂದೇಶವನ್ನು ಓದಿ ಇಳಿಯಿರಿ. ರೋಗದ ವಿವರಗಳು ಸಭೆಗೆ ಬೇಡ. ಮಾತನಾಡುವಷ್ಟು ಶಕ್ತಿ ಅವರಿಗಿದ್ದರೆ ಅವರ ದನಿಯನ್ನೇ ಮೊಬೈಲಿನಲ್ಲಿ ಮುದ್ರಿಸಿ ತರುವುದು ಇನ್ನೂ ಒಳ್ಳೆಯದು, ಆದರೆ ಸಭೆ ಆರಂಭವಾಗುವ ಮೊದಲೇ ಅದನ್ನು ಧ್ವನಿವರ್ಧಕದವರಿಗೆ ಕೊಟ್ಟು, ಹಿಂದಿನ ಸಾಲಿನವರೆಗೆ ಸ್ಪಷ್ಟವಾಗಿ ಕೇಳುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಿ.